ಖಾಲಿ ಸೈಟನ್ನು ಬೀದಿಯವರ ತೋಟ ಮಾಡೋದು ಹೇಗೆ? ಗಿಡ ನೆಡುವ ಮುಂಚಿನ ಕೆಲಸಗಳು

ಪ್ರಶ್ನೆ: ನಮ್ಮ ಬೀದಿಯ ಮೂಲೆಯಲ್ಲಿ 40 ಅಡಿ ಅಗಲ, 60 ಅಡಿ ಉದ್ದದ ಒಂದು ಸೈಟು ವರ್ಷಗಳಿಂದ ಖಾಲಿ ಬಿದ್ದಿದೆ. ಅಲ್ಲಿದ್ದ ಹಳೇ ಮನೆ ಕೆಡವಿದ ಮೇಲೆ ಯಾರೂ ತಿರುಗಿ ನೋಡಿಲ್ಲ. ಈಗ ಇರುವುದು ಕಳೆ, ಕಸ, ಇಟ್ಟಿಗೆ ಚೂರು. ನಾವು ಹನ್ನೆರಡು ಮನೆಯವರು ಸೇರಿ ಅಲ್ಲಿ ತರಕಾರಿ ತೋಟ ಮಾಡಬೇಕು ಅಂತಿದ್ದೇವೆ. ಬೇಗ ಕಸ ತೆಗೆದು, ಒಂದು ಲೋಡು ಮಣ್ಣು ಹೊಡೆಸಿ, ಗಿಡ ನೆಟ್ಟುಬಿಡೋಣ ಅನ್ನುವವರೇ ಜಾಸ್ತಿ. ಮಾಲೀಕರು ಯಾರು ಅಂತ ಸರಿಯಾಗಿ ಗೊತ್ತಿಲ್ಲ. ಎಲ್ಲಿಂದ ಶುರು ಮಾಡಬೇಕು? ಹನ್ನೆರಡೂ ಮನೆಗೆ ಸಾಕಾಗುವಷ್ಟು ತರಕಾರಿ ಬರುತ್ತದಾ?

ಉತ್ತರ: ಕೊನೇ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಬರುವುದಿಲ್ಲ.

ಬ್ರಿಟನ್ನಿನಲ್ಲಿ ಪಟ್ಟಣದವರಿಗೆ ತರಕಾರಿ ಬೆಳೆಯಲು ತುಂಡು ಜಮೀನು ಬಾಡಿಗೆಗೆ ಕೊಡುವ ಹಳೇ ಪದ್ಧತಿ ಇದೆ. ಅಲ್ಲಿ ಒಂದು ಪೂರ್ತಿ ತುಂಡು ಅಂದರೆ ಸುಮಾರು 250 ಚದರ ಮೀಟರ್. ಅದು ಒಂದು ಕುಟುಂಬದ ಲೆಕ್ಕ. ನಿಮ್ಮ ಇಡೀ ಸೈಟು 2,400 ಚದರ ಅಡಿ, ಅಂದರೆ 223 ಚದರ ಮೀಟರ್. ಅದರಲ್ಲೂ ಓಡಾಡಲು ದಾರಿ ಬೇಕು, ಗೊಬ್ಬರದ ಗುಡ್ಡೆಗೆ ಜಾಗ ಬೇಕು, ನೀರಿನ ಟ್ಯಾಂಕು, ಸಾಮಾನು ಇಡುವ ಪೆಟ್ಟಿಗೆ, ನಾಲ್ಕು ಜನ ಕೂರುವ ಬೆಂಚು ಬೇಕು. ಎಲ್ಲ ಕಳೆದು ಗಿಡಕ್ಕೆ ಸಿಗುವುದು ಹೆಚ್ಚುಕಮ್ಮಿ ಮೂರನೇ ಒಂದು ಪಾಲು, 800 ಚದರ ಅಡಿ. ಮನೆಗೆ ಸುಮಾರು ಅರವತ್ತೇಳು ಚದರ ಅಡಿ ಬಂತು. ಅಷ್ಟರಲ್ಲಿ ಸೊಪ್ಪು ಚೆನ್ನಾಗಿ ಬರುತ್ತದೆ, ನಾಲ್ಕಾರು ಟೊಮೆಟೊ ಗಿಡ, ಒಂದಿಷ್ಟು ಮೆಣಸಿನಕಾಯಿ, ಒಂದು ಬಳ್ಳಿ ಏನಾದರೂ ಹಬ್ಬಿಸಬಹುದು. ತರಕಾರಿ ಖರ್ಚು ಉಳಿಯುತ್ತದೆ ಅಂತ ಹೇಳಿ ಜನ ಸೇರಿಸಿದರೆ ನಾಲ್ಕು ತಿಂಗಳಲ್ಲಿ ಅರ್ಧ ಜನ ಬೇಸರಪಟ್ಟು ಬಿಡುತ್ತಾರೆ. ಇದನ್ನು ಈಗಲೇ ಎಲ್ಲರೆದುರು ಹೇಳಿಬಿಡುವುದು ಒಳ್ಳೆಯದು.

ಹಾಗಾದರೆ ಇಷ್ಟೆಲ್ಲ ಯಾಕೆ ಮಾಡಬೇಕು ಅಂತ ಯಾರಾದರೂ ಕೇಳೇ ಕೇಳುತ್ತಾರೆ. ಅವರಿಗೆ ಫಿಲಡೆಲ್ಫಿಯಾದ ಸಂಗತಿ ಹೇಳಿ. ಅಮೆರಿಕದ ಆ ನಗರದಲ್ಲಿ 541 ಖಾಲಿ ಸೈಟುಗಳನ್ನು ಚೀಟಿ ಎತ್ತಿದ ಹಾಗೆ ಮೂರು ಗುಂಪು ಮಾಡಿ ಒಂದು ಅಧ್ಯಯನ ನಡೆಸಿದರು. 2018 ರಲ್ಲಿ ಅದು ಪ್ರಕಟವಾಯಿತು. ಒಂದು ಗುಂಪಿನಲ್ಲಿ ಕಸ ತೆಗೆದು, ನೆಲ ಮಟ್ಟ ಮಾಡಿ, ಹುಲ್ಲು ಹಾಕಿ, ಕೆಲವು ಮರ ನೆಟ್ಟು, ಒಳಗೆ ಹೋಗಲು ದಾರಿ ಬಿಟ್ಟು ಗಿಡ್ಡ ಮರದ ಬೇಲಿ ಕಟ್ಟಿದರು. ಇನ್ನೊಂದು ಗುಂಪಿನಲ್ಲಿ ಬರೀ ಕಸ ತೆಗೆದರು. ಮೂರನೆಯದನ್ನು ಇದ್ದ ಹಾಗೇ ಬಿಟ್ಟರು. ಹುಲ್ಲು ಹಾಕಿದ ಸೈಟುಗಳ ಹತ್ತಿರ ವಾಸವಿದ್ದವರಲ್ಲಿ ಖಿನ್ನತೆ ಅನಿಸುತ್ತಿದೆ ಅನ್ನುವವರ ಪ್ರಮಾಣ, ಏನೂ ಮಾಡದ ಜಾಗದವರಿಗೆ ಹೋಲಿಸಿದರೆ, ಶೇ 41.5 ರಷ್ಟು ಇಳಿಯಿತು. ಬರೀ ಕಸ ತೆಗೆದ ಕಡೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ.

ಗಮನಿಸಿ, ಅಲ್ಲಿ ಒಂದು ಬದನೆಕಾಯಿಯನ್ನೂ ಬೆಳೆದಿರಲಿಲ್ಲ. ಯಾರೋ ಈ ಜಾಗ ನೋಡಿಕೊಳ್ಳುತ್ತಿದ್ದಾರೆ ಅಂತ ಕಣ್ಣಿಗೆ ಕಾಣುವಂತಿತ್ತು, ಅಷ್ಟೇ. ಅದಕ್ಕೇ ನನ್ನ ಸಲಹೆ ಹೀಗೆ: ಮೊದಲ ಆರು ತಿಂಗಳು ತರಕಾರಿಯನ್ನು ಮರೆತುಬಿಡಿ. ಕಸ ತೆಗೆಯಿರಿ, ಗಿಡ್ಡ ಬೇಲಿ ಹಾಕಿ, ದಾರಿ ಮಾಡಿ, ಬೆಂಚು ಹಾಕಿ. ಆ ಆರು ತಿಂಗಳಲ್ಲಿ ಕಾಗದಪತ್ರ, ಮಣ್ಣು, ನೀರು ಮೂರನ್ನೂ ಬಗೆಹರಿಸಿಕೊಳ್ಳಿ. ಇಂಥ ತೋಟಗಳು ರೋಗದಿಂದ, ಹುಳದಿಂದ ಹಾಳಾಗುವುದು ಕಡಿಮೆ. ಜಾಗ ಕೈತಪ್ಪುತ್ತದೆ, ನೀರು ನಿಲ್ಲುತ್ತದೆ, ಇಲ್ಲವೇ ಬರುವ ಜನ ನಿಲ್ಲುತ್ತಾರೆ. ಗಿಡದ ಪ್ರಶ್ನೆ ಅದರ ಆಮೇಲೆ.

ಮೊದಲು ಕಾಗದ. ನ್ಯೂಯಾರ್ಕಿನಲ್ಲಿ 1973 ರಲ್ಲಿ ಲಿಜ್ ಕ್ರಿಸ್ಟಿ ಅನ್ನುವ ಕಲಾವಿದೆ ಮತ್ತು ಅವರ ಅಕ್ಕಪಕ್ಕದವರು ಬೋವರಿ ಮತ್ತು ಹ್ಯೂಸ್ಟನ್ ಬೀದಿಗಳು ಕೂಡುವ ಮೂಲೆಯಲ್ಲಿ ಕಸ ತುಂಬಿದ್ದ ಒಂದು ಸೈಟನ್ನು ಚೊಕ್ಕ ಮಾಡಿ ತೋಟ ಮಾಡಿದರು. ಮುಂದಿನ ವರ್ಷವೇ ನಗರಾಡಳಿತದಿಂದ ತಿಂಗಳಿಗೆ ಒಂದು ಡಾಲರ್ ಬಾಡಿಗೆಗೆ ಅದನ್ನು ಅಧಿಕೃತವಾಗಿ ಪಡೆದರು. ಆ ತೋಟ ಇವತ್ತಿಗೂ ಇದೆ, ಅವರ ಹೆಸರಿನಲ್ಲೇ. ಅದೇ ಊರಿನಲ್ಲಿ 1999 ರಲ್ಲಿ ನಗರಾಡಳಿತ ನೂರಕ್ಕೂ ಹೆಚ್ಚು ಇಂಥ ತೋಟಗಳನ್ನು ಹರಾಜಿಗೆ ಹಾಕಲು ಹೊರಟಿತು. ಎರಡು ಸೇವಾ ಸಂಸ್ಥೆಗಳು ದುಡ್ಡು ಕೂಡಿಸಿ ಕೊಂಡುಕೊಂಡಿದ್ದರಿಂದ ಅವು ಉಳಿದವು. ಲಾಸ್ ಏಂಜಲಿಸ್‌ನಲ್ಲಿ 14 ಎಕರೆಯ ಸೌತ್ ಸೆಂಟ್ರಲ್ ಫಾರ್ಮ್‌ಗೆ ಅಂಥ ಅದೃಷ್ಟ ಇರಲಿಲ್ಲ. ಸುಮಾರು 350 ಕುಟುಂಬಗಳು ಹತ್ತು ವರ್ಷಕ್ಕೂ ಮೇಲೆ ಬೆಳೆ ತೆಗೆದಿದ್ದ ಆ ಜಾಗವನ್ನು 2006 ರ ಜೂನ್‌ನಲ್ಲಿ ಖಾಲಿ ಮಾಡಿಸಿ ಬುಲ್ಡೋಜರ್ ಹರಿಸಿದರು. ಜಾಗದ ಹಕ್ಕು ಬೇರೆಯವರ ಕೈಯಲ್ಲಿತ್ತು. ಬೆಳೆದವರ ಶ್ರಮದಲ್ಲಿ ಏನೂ ಕೊರತೆ ಇರಲಿಲ್ಲ.

ಆದ್ದರಿಂದ ಮಾಲೀಕರನ್ನು ಹುಡುಕಿ. ಭೂದಾಖಲೆ ಕಚೇರಿಯಲ್ಲಿ, ಆಸ್ತಿ ತೆರಿಗೆ ಲೆಕ್ಕದಲ್ಲಿ ಹೆಸರು ಸಿಗುತ್ತದೆ. ಅದಕ್ಕೂ ಮೊದಲು ಬೀದಿಯ ಅತಿ ಹಿರಿಯರನ್ನು ಕೇಳಿ. ಅರ್ಧ ಸಲ ಉತ್ತರ ಅಲ್ಲೇ ಇರುತ್ತದೆ. ಜೊತೆಗೆ ಹಿಂದೆ ಅಲ್ಲಿ ಏನಿತ್ತು ಅನ್ನುವುದೂ ಅವರಿಂದಲೇ ತಿಳಿಯುತ್ತದೆ. ಬರೀ ಮನೆ ಇತ್ತೋ, ಗ್ಯಾರೇಜು ಇತ್ತೋ, ಬ್ಯಾಟರಿ ರಿಪೇರಿ ಅಂಗಡಿ ಇತ್ತೋ, ಬಟ್ಟೆಗೆ ಬಣ್ಣ ಹಾಕುವವರು ಇದ್ದರೋ? ಮಣ್ಣಿನ ವಿಷಯಕ್ಕೆ ಬಂದಾಗ ಈ ಮಾಹಿತಿಗೆ ಎಲ್ಲಿಲ್ಲದ ಬೆಲೆ.

ಮಾಲೀಕರು ಸಿಕ್ಕಿದ ಮೇಲೆ ನಿಮ್ಮ ಕನಸಿನ ತೋಟದ ವರ್ಣನೆ ಮಾಡುತ್ತ ಕೂರಬೇಡಿ. ಅವರ ತಲೆಯಲ್ಲಿ ಇರುವುದು ಎರಡೇ ಭಯ. ಒಂದು, ಇವರು ಬಂದು ಕೂತರೆ ಮತ್ತೆ ಏಳುತ್ತಾರಾ? ಎರಡು, ಯಾರಾದರೂ ಬಿದ್ದು ಕೈಕಾಲು ಮುರಿದುಕೊಂಡರೆ ನನ್ನ ಮೇಲೆ ಬರುತ್ತದಾ? ಈ ಎರಡಕ್ಕೂ ಬರೆದ ಉತ್ತರ ಹಿಡಿದುಕೊಂಡೇ ಹೋಗಿ. ಜಾಗದ ಮೇಲೆ ನಮಗೆ ಯಾವ ಹಕ್ಕೂ ಇಲ್ಲ, ಪಕ್ಕಾ ಕಟ್ಟಡ ಕಟ್ಟುವುದಿಲ್ಲ, ದೊಡ್ಡ ಮರ ನೆಡುವುದಿಲ್ಲ, ಅಪಘಾತದ ಹೊಣೆ ನಮ್ಮ ಗುಂಪಿನದು ಅಂತ ಕಾಗದದಲ್ಲಿರಲಿ. ವಿಮೆ ಸಿಗುವ ಕಡೆ ವಿಮೆ ಮಾಡಿಸಿ. ಪ್ರತಿಯಾಗಿ ನೀವು ಕೇಳಬೇಕಾದ್ದು ಕನಿಷ್ಠ ಮೂರು ವರ್ಷದ ಅವಧಿ, ಬಿಡಿಸುವುದಾದರೆ ಕನಿಷ್ಠ ಮೂರು ತಿಂಗಳ ಮುಂಚೆ ನೋಟಿಸು, ಹೋಗುವಾಗ ನಮ್ಮ ಮಣ್ಣು ಮತ್ತು ಸಾಮಾನು ಒಯ್ಯುವ ಅವಕಾಶ. ಮಣ್ಣಿನ ವಿಷಯ ಬರೆಸುವುದನ್ನು ತುಂಬಾ ಜನ ಮರೆಯುತ್ತಾರೆ. ಮೂರು ವರ್ಷ ಗೊಬ್ಬರ ಉಂಡ ಮಣ್ಣು ನಿಮ್ಮ ಅತಿ ದೊಡ್ಡ ಆಸ್ತಿ. ಕಾಗದವನ್ನು ಸ್ಥಳೀಯ ಕಾನೂನು ಬಲ್ಲ ವಕೀಲರೊಬ್ಬರಿಗೆ ತೋರಿಸಿಬಿಡಿ, ಎರಡು ಪುಟದ ಕೆಲಸ.

ಮಾಲೀಕರು ಒಂದೇ ವರ್ಷ ಕೊಡುತ್ತೇನೆ ಅಂದರೆ? ಆಗಲೂ ಮಾಡಬಹುದು, ಆದರೆ ಎಲ್ಲವೂ ಎತ್ತಿಕೊಂಡು ಹೋಗುವ ಹಾಗಿರಲಿ. ಬರ್ಲಿನ್ನಿನ ಮೋರಿಟ್ಸ್‌ಪ್ಲಾಟ್ಸ್‌ನಲ್ಲಿ 2009 ರಲ್ಲಿ ಶುರುವಾದ ಪ್ರಿನ್ಸೆಸಿನ್ನೆನ್‌ಗಾರ್ಟನ್ ತೋಟದವರು ಇದನ್ನೇ ಮಾಡಿದರು. ಬ್ರೆಡ್ ಸಾಗಿಸುವ ಪ್ಲಾಸ್ಟಿಕ್ ಕ್ರೇಟು, ಅಕ್ಕಿ ಚೀಲ, ಹಾಲಿನ ಪೊಟ್ಟಣ, ಹೀಗೆ ಸಿಕ್ಕಿದ್ದರಲ್ಲೆಲ್ಲ ಮಣ್ಣು ತುಂಬಿ ಬೆಳೆದರು. ನೆಲದ ಮಣ್ಣನ್ನು ಮುಟ್ಟುವ ಗೊಡವೆಯೇ ಇಲ್ಲ. ಕೆಳಗಿನ ಮಣ್ಣು ಕೆಟ್ಟಿದ್ದರೂ ಚಿಂತೆ ಇಲ್ಲ.

ಇನ್ನು ಜಾಗಕ್ಕೆ ಇಳಿಯುವ ಮಾತು. ಕಳೆ ಕೊಯ್ಯುವ ಮುಂಚೆ ಐದಡಿ ಉದ್ದದ ಕಬ್ಬಿಣದ ಸಲಾಕೆ ಹಿಡಿದು ಇಡೀ ಸೈಟನ್ನು ಮಾರಿಗೊಂದು ಸಲ ಚುಚ್ಚುತ್ತ ನಡೆಯಿರಿ. ಹಳೇ ಮನೆ ಇದ್ದ ಜಾಗದಲ್ಲಿ ಮುಚ್ಚಿಹೋದ ಸಂಪು, ಪಾಯಿಖಾನೆ ಗುಂಡಿ, ಬಾವಿ ಇರಬಹುದು. ಮೇಲೆ ತೆಳ್ಳಗೆ ಮಣ್ಣು, ಅದರ ಮೇಲೆ ಹುಲುಸಾದ ಹುಲ್ಲು. ಒಂದು ಕಡೆ ಮಾತ್ರ ಹುಲ್ಲು ವಿಪರೀತ ಹಸಿರಾಗಿದ್ದರೆ ಅನುಮಾನ ಪಡಿ. ಸಲಾಕೆ ಟಣ್ ಅಂದರೆ ಕೆಳಗೆ ಕಲ್ಲು ಅಥವಾ ಕಾಂಕ್ರೀಟು. ಸರ್ರನೆ ಇಳಿದುಹೋದರೆ ಅಲ್ಲಿಗೆ ಯಾರೂ ಹೋಗದ ಹಾಗೆ ಹಗ್ಗ ಕಟ್ಟಿ. ಅಗೆಯುವ ಮುಂಚೆ ಕರೆಂಟು, ನೀರು, ಗ್ಯಾಸಿನ ಲೈನು ಎಲ್ಲಿ ಹೋಗಿದೆ ಅಂತ ಆಯಾ ಇಲಾಖೆಯವರಿಂದ ಕೇಳಿಕೊಳ್ಳಿ.

ಕಸ ತೆಗೆಯುವಾಗ ದಪ್ಪ ಅಟ್ಟೆಯ ಬೂಟು, ದಪ್ಪ ಗ್ಲೌಸ್ ಕಡ್ಡಾಯ. ಸಿರಿಂಜ್, ಗಾಜು ಏನು ಬೇಕಾದರೂ ಇರಬಹುದು. ಮಕ್ಕಳನ್ನು ಮೊದಲ ದಿನ ಕರೆತರಬೇಡಿ. ಬೂದು ಬಣ್ಣದ ಹಳೇ ಸಿಮೆಂಟ್ ಶೀಟಿನ ಚೂರು ಕಂಡರೆ ಒಡೆಯಬೇಡಿ, ಗರಗಸ ಹಾಕಬೇಡಿ. ಅದರಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರಬಹುದು, ಪುಡಿಯಾಗಿ ಉಸಿರಿಗೆ ಹೋದರೆ ಅಪಾಯ. ಒದ್ದೆ ಮಾಡಿ, ಹಾಗೇ ಬಿಟ್ಟು, ಅದನ್ನು ತೆಗೆಯಲು ಅನುಮತಿ ಇರುವವರಿಗೆ ಹೇಳಿ.

ಬಿಸಿಲನ್ನೂ ಇದೇ ಸಮಯದಲ್ಲಿ ನೋಡಿಕೊಳ್ಳಿ. ಬೆಳಿಗ್ಗೆ ಒಂಬತ್ತು, ಮಧ್ಯಾಹ್ನ ಹನ್ನೆರಡು, ಮೂರು ಗಂಟೆಗೆ ಪಕ್ಕದ ಕಟ್ಟಡದ ನೆರಳು ಎಲ್ಲಿ ಬಿದ್ದಿದೆ ಅಂತ ಗೂಟ ಹೊಡೆದು ಗುರುತು ಮಾಡಿ. ಕಾಯಿ ಬಿಡುವ ಗಿಡಕ್ಕೆ ದಿನಕ್ಕೆ ಆರು ಗಂಟೆ ನೇರ ಬಿಸಿಲು ಬೇಕು. ಸೊಪ್ಪಿಗೆ ನಾಲ್ಕು ಗಂಟೆಯಾದರೂ ನಡೆಯುತ್ತದೆ. ಬಿಸಿಲೇ ಬೀಳದ ಮೂಲೆಗೆ ಗೊಬ್ಬರದ ಗುಡ್ಡೆ, ಬೆಂಚು. ಚಳಿಗಾಲದಲ್ಲಿ ನೆರಳು ಇನ್ನಷ್ಟು ಉದ್ದವಾಗುತ್ತದೆ ಅನ್ನುವುದು ನೆನಪಿರಲಿ.

ಈಗ ಮಣ್ಣು. ನಗರದ ಖಾಲಿ ಸೈಟಿನಲ್ಲಿ ನನಗೆ ಅತಿ ಹೆಚ್ಚು ತಲೆಬಿಸಿ ಕೊಡುವ ವಿಷಯ ಇದು, ಜನ ಅತಿ ಕಡಿಮೆ ಕೇಳುವ ವಿಷಯವೂ ಇದೇ. ಸೈಟಿನ ಮಧ್ಯೆ ಒಂದು, ಹಳೇ ಗೋಡೆ ಇದ್ದ ಸಾಲಿನಲ್ಲಿ ಒಂದು ಗುಂಡಿ ತೆಗೆಯಿರಿ. ಒಂದೂವರೆ ಅಡಿ ಆಳ ಸಾಕು. ಗುಂಡಿಯ ಗೋಡೆಯನ್ನು ಕುಳಿತು ನೋಡಿ. ಮೇಲಿನ ಎರಡು ಬೆರಳು ಕಪ್ಪು ಮಣ್ಣು, ಹುಲ್ಲಿನ ಬೇರು. ಅದರ ಕೆಳಗೆ ಬೂದುಬಣ್ಣದ ಪುಡಿ, ಅಂದರೆ ಗಾರೆ, ಸುಣ್ಣ, ಸಿಮೆಂಟು. ಇಟ್ಟಿಗೆ ಚೂರು, ಹಂಚಿನ ತುಂಡು, ಪ್ಲಾಸ್ಟಿಕ್ ಚೀಲದ ಚಿಂದಿ. ಅದರ ಕೆಳಗೆಲ್ಲೋ ನಿಜವಾದ ನೆಲ. ಮನೆ ಕೆಡವಿದವರು ಕಸವನ್ನು ಅಲ್ಲೇ ಹರಡಿ ಹೋಗಿರುತ್ತಾರೆ. ಸುಣ್ಣ, ಸಿಮೆಂಟು ಬೆರೆತ ಮಣ್ಣು ಕ್ಷಾರವಾಗುತ್ತದೆ. ಆಗ ಕಬ್ಬಿಣದ ಅಂಶ ಮಣ್ಣಿನಲ್ಲಿದ್ದರೂ ಗಿಡಕ್ಕೆ ಸಿಗುವುದಿಲ್ಲ. ಎಳೆ ಎಲೆ ಹಳದಿಯಾಗಿ, ನರ ಮಾತ್ರ ಹಸಿರಾಗಿ ಉಳಿಯುತ್ತದೆ. ಜನ ಅದನ್ನು ಗೊಬ್ಬರದ ಕೊರತೆ ಅಂದುಕೊಂಡು ಇನ್ನಷ್ಟು ಗೊಬ್ಬರ ಸುರಿಯುತ್ತಾರೆ.

ಗುಂಡಿಗೆ ನೀರು ತುಂಬಿ, ಇಂಗಿದ ಮೇಲೆ ಮತ್ತೊಮ್ಮೆ ತುಂಬಿ. ಎರಡನೇ ಸಲ ಗಂಟೆಗೆ ಒಂದರಿಂದ ಎರಡು ಅಂಗುಲ ಇಳಿದರೆ ಚೆನ್ನಾಗಿದೆ. ಮರುದಿನವೂ ನಿಂತಿದ್ದರೆ ಕೆಳಗಿನ ನೆಲ ಜೆಸಿಬಿ ಓಡಾಡಿ ಗಟ್ಟಿಯಾಗಿದೆ ಅಂತ ಅರ್ಥ. ಹಾರೆಯಿಂದ ಸಡಿಲ ಮಾಡದೆ ಏನು ಹಾಕಿದರೂ ಬೇರು ಕೊಳೆಯುತ್ತದೆ.

ಇವೆಲ್ಲ ಕಣ್ಣಿಗೆ ಕಾಣುವ ತೊಂದರೆಗಳು. ಕಾಣದೇ ಇರುವುದು ಸೀಸ ಅನ್ನುವ ವಿಷಲೋಹ. ಹಳೇ ಮನೆಗಳ ಬಣ್ಣದಲ್ಲಿ ಸೀಸ ಇರುತ್ತಿತ್ತು. ಪೆಟ್ರೋಲಿನಲ್ಲಂತೂ ದಶಕಗಳ ಕಾಲ ಇತ್ತು. ಕಾರಿಗೆ ಸೀಸದ ಪೆಟ್ರೋಲ್ ಮಾರುತ್ತಿದ್ದ ಕೊನೆಯ ದೇಶ ಅಲ್ಜೀರಿಯಾ ಅದನ್ನು ನಿಲ್ಲಿಸಿದ್ದು 2021 ರಲ್ಲಿ. ಸೀಸ ಕೊಳೆಯುವುದಿಲ್ಲ, ಆವಿಯಾಗುವುದಿಲ್ಲ, ಮಳೆಗೆ ಸುಲಭವಾಗಿ ಕೆಳಗೂ ಇಳಿಯುವುದಿಲ್ಲ. ಮೇಲ್ಮಣ್ಣಿನಲ್ಲೇ ಕೂತಿರುತ್ತದೆ. ಹಳೇ ಗೋಡೆಯ ಬುಡದಲ್ಲಿ ಮತ್ತು ರಸ್ತೆ ಬದಿಯಲ್ಲಿ ಜಾಸ್ತಿ. ಮಾಮೂಲಿ ಮಣ್ಣಿನಲ್ಲಿ ಸಾಧಾರಣವಾಗಿ 10 ರಿಂದ 50 ಪಿಪಿಎಂ, ಅಂದರೆ ಹತ್ತು ಲಕ್ಷ ಪಾಲು ಮಣ್ಣಿನಲ್ಲಿ ಅಷ್ಟು ಪಾಲು, ಸೀಸ ಇರುತ್ತದೆ. ಮಕ್ಕಳು ಆಡುವ ಮನೆಯಂಗಳದ ಮಣ್ಣಿಗೆ ಅಮೆರಿಕದ ಪರಿಸರ ಸಂಸ್ಥೆ ಇಟ್ಟುಕೊಂಡಿದ್ದ ಎಚ್ಚರಿಕೆಯ ಮಟ್ಟ 400 ಪಿಪಿಎಂ ಇತ್ತು. 2024 ರ ಜನವರಿಯಲ್ಲಿ ಅದನ್ನು 200 ಕ್ಕೆ ಇಳಿಸಿದರು.

ಪರೀಕ್ಷೆಗೆ ಮಣ್ಣು ತೆಗೆಯುವುದರಲ್ಲೂ ಒಂದು ಕ್ರಮ ಇದೆ. ಗೋಡೆಯ ಸಾಲು, ರಸ್ತೆ ಬದಿ, ಮಧ್ಯಭಾಗ ಅಂತ ಮೂರು ಪಾಲು ಮಾಡಿಕೊಳ್ಳಿ. ಪ್ರತಿ ಪಾಲಿನಲ್ಲಿ ಹತ್ತು ಕಡೆ, ಮೇಲಿಂದ ಆರು ಅಂಗುಲದವರೆಗಿನ ಮಣ್ಣು ತೆಗೆದು ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಕಲಸಿ, ಒಂದು ಹಿಡಿಯಷ್ಟನ್ನು ಬೇರೆ ಬೇರೆ ಚೀಲಕ್ಕೆ ಹಾಕಿ. ತಗಡಿನ ಬಕೆಟ್ ಬೇಡ, ಅದರ ಸತು ಮಣ್ಣಿಗೆ ಸೇರಿ ಲೆಕ್ಕ ತಪ್ಪುತ್ತದೆ. ಪ್ರಯೋಗಾಲಯದವರಿಗೆ ಸೀಸದಂಥ ಭಾರಲೋಹದ ಪರೀಕ್ಷೆ ಬೇಕು ಅಂತ ಬಿಡಿಸಿ ಹೇಳಿ. ಇಲ್ಲದಿದ್ದರೆ ಸಾರಜನಕ, ರಂಜಕ, ಪೊಟ್ಯಾಶ್ ಬರೆದು ಕೈತೊಳೆದುಕೊಳ್ಳುತ್ತಾರೆ. ಗ್ಯಾರೇಜೋ ಕಾರ್ಖಾನೆಯೋ ಇದ್ದ ಜಾಗವಾದರೆ ಎಣ್ಣೆ ಮತ್ತು ರಾಸಾಯನಿಕಗಳ ಪರೀಕ್ಷೆಯೂ ಬೇಕು. ಅಂಥ ಜಾಗದಲ್ಲಿ ನೆಲದ ಮಣ್ಣಿಗೆ ತಿನ್ನುವ ಗಿಡ ಹಾಕುವುದನ್ನು ನಾನು ಯಾರಿಗೂ ಹೇಳುವುದಿಲ್ಲ.

ಸೀಸ ಇದೆ ಅಂತ ಬಂದರೆ ಎದೆಗುಂದಬೇಡಿ. ಅಪಾಯ ಬರುವ ದಾರಿ ತಿಳಿದರೆ ತಡೆಯುವುದು ಸುಲಭ. ಟೊಮೆಟೊ, ಬೀನ್ಸ್‌ನಂಥ ಕಾಯಿಗಳೊಳಗೆ ಸೀಸ ಸೇರುವುದು ತೀರಾ ಕಡಿಮೆ. ಸೊಪ್ಪು, ಗಡ್ಡೆಗಳಲ್ಲಿ ಸ್ವಲ್ಪ ಜಾಸ್ತಿ. ದೊಡ್ಡ ಅಪಾಯ ಇರುವುದು ಮಣ್ಣಿನಲ್ಲೇ. ಎಲೆಗೆ ಸಿಡಿದು ಅಂಟಿದ್ದು, ಮೂಲಂಗಿಗೆ ಮೆತ್ತಿದ್ದು, ಮಕ್ಕಳು ಬಾಯಿಗೆ ಹಾಕುವ ಕೈ, ಗಾಳಿಗೆ ಏಳುವ ಧೂಳು. ಹಾಗಾಗಿ ಬರಿಮಣ್ಣು ಕಣ್ಣಿಗೆ ಕಾಣದ ಹಾಗೆ ದಾರಿಗೆಲ್ಲ ಮರದ ಚಕ್ಕೆ ಹಾಸಿ, ಏರುಮಡಿಯಲ್ಲಿ, ಅಂದರೆ ಅಂಚು ಕಟ್ಟಿ ನೆಲಕ್ಕಿಂತ ಎತ್ತರ ಮಾಡಿದ ಪಾತಿಯಲ್ಲಿ, ಹೊರಗಿನ ಮಣ್ಣು ತುಂಬಿ ಬೆಳೆಯಿರಿ, ತೋಟದ ಬಾಗಿಲಲ್ಲೇ ಕೈ ತೊಳೆಯುವ ನಲ್ಲಿ ಇಡಿ.

ಏರುಮಡಿಯ ಅಗಲ ನಾಲ್ಕಡಿ ದಾಟಬಾರದು. ಎರಡೂ ಕಡೆಯಿಂದ ಕೈ ಚಾಚಿದರೆ ನಡುವಿಗೆ ಸಿಗಬೇಕು, ಮಡಿಯ ಮೇಲೆ ಕಾಲಿಡುವ ಪ್ರಸಂಗವೇ ಬರಬಾರದು. ಮಕ್ಕಳ ಮಡಿಯಾದರೆ ಎರಡೂವರೆ ಅಡಿ ಸಾಕು. ಉದ್ದ ಎಂಟಡಿ, ಎತ್ತರ ಒಂದಡಿ ಇಟ್ಟುಕೊಳ್ಳಿ. ಬಾಗಿ ಕೂರಲಾಗದ ಹಿರಿಯರಿಗೆ ಒಂದೆರಡು ಮಡಿಯನ್ನು ಎರಡೂವರೆ ಅಡಿ ಎತ್ತರಕ್ಕೆ ಏರಿಸಿ. ಮುಖ್ಯ ದಾರಿ ನಾಲ್ಕಡಿ ಇದ್ದರೆ ಗಾಲಿಕುರ್ಚಿಯೂ ಬರುತ್ತದೆ, ಗೊಬ್ಬರದ ಕೈಗಾಡಿಯೂ ತಿರುಗುತ್ತದೆ. ಅಂಚಿಗೆ ಇಟ್ಟಿಗೆ, ಕಲ್ಲು, ಔಷಧಿ ಹಚ್ಚದ ಮರ, ಏನಾದರೂ ಸರಿ. ಡಾಂಬರಿನಂಥ ಎಣ್ಣೆ ಕುಡಿಸಿದ ಹಳೇ ರೈಲ್ವೆ ಸ್ಲೀಪರ್ ಮಾತ್ರ ಬೇಡ. ಬಣ್ಣ ಬಳಿದ ಹಳೇ ಹಲಗೆಯೂ ಬೇಡ, ಮತ್ತೆ ಅದೇ ಸೀಸದ ಕಥೆ. ತಳಕ್ಕೆ ನೀರು ಇಳಿಯುವ ಜಿಯೋಟೆಕ್ಸ್‌ಟೈಲ್ ಬಟ್ಟೆ ಹಾಸಿ. ಹಳೇ ಮಣ್ಣು ಮೇಲಿನದಕ್ಕೆ ಬೆರೆಯುವುದಿಲ್ಲ. ಕಳೆ ತಡೆಯಲು ರಟ್ಟು ಹಾಸಬಹುದು, ಆದರೆ ಗರಿಕೆ ಮತ್ತು ಜೇಕು ಇರುವ ಕಡೆ ರಟ್ಟನ್ನು ನಂಬಬೇಡಿ. ಜೇಕಿನ ಮೊಳಕೆ ಸೂಜಿಯ ಹಾಗೆ ಚುಚ್ಚಿಕೊಂಡು ಮೇಲೆ ಬರುತ್ತದೆ. ಗಡ್ಡೆ ಸಮೇತ ಕೀಳುವುದೊಂದೇ ದಾರಿ, ಅದೂ ಒಂದು ಸಲಕ್ಕೆ ಮುಗಿಯುವ ಕೆಲಸವಲ್ಲ.

ಈಗ "ಒಂದು ಲೋಡು ಮಣ್ಣು" ಅನ್ನುವ ಲೆಕ್ಕ ಹಾಕೋಣ. ನಾಲ್ಕಡಿ, ಎಂಟಡಿ, ಒಂದಡಿ ಅಂದರೆ 32 ಘನ ಅಡಿ. ಹಸಿ ಮಣ್ಣಾದರೆ ಒಂದು ಮಡಿಗೇ ಟನ್ನಿನ ಮೇಲೆ ಭಾರ. ಎಂಟು ಮಡಿಗೆ ಎಂಟು ಹತ್ತು ಟನ್. ಅದನ್ನು ಬೀದಿಯಿಂದ ಒಳಗೆ ಹೊರುವವರು ನೀವೇ. ಅದಕ್ಕೇ ಮೊದಲ ವರ್ಷ ಎಂಟೇ ಮಡಿ ಮಾಡಿ ಅನ್ನುತ್ತೇನೆ. ಉಳಿದ ಜಾಗಕ್ಕೆ ಹುಲ್ಲೋ ಹೂವೋ ಇರಲಿ. ಬೇಸರ ಆಗದೆ ಉಳಿದವರ ಸಂಖ್ಯೆ ನೋಡಿ ಎರಡನೇ ವರ್ಷ ಹೆಚ್ಚಿಸಿ. ಪೂರ್ತಿ ಸೈಟು ಒಟ್ಟಿಗೆ ಮಾಡಿದರೆ ನೋಡಿಕೊಳ್ಳದೆ ಬಿಟ್ಟ ಮಡಿಗಳೇ ಎದ್ದು ಕಾಣುತ್ತವೆ, ಚೆನ್ನಾಗಿ ಮಾಡುತ್ತಿರುವವರ ಮನಸ್ಸೂ ಕುಗ್ಗುತ್ತದೆ.

ಮೂರು ಪಾಲು ಒಳ್ಳೆ ಮೇಲ್ಮಣ್ಣು, ಎರಡು ಪಾಲು ಹಣ್ಣಾದ ಕಾಂಪೋಸ್ಟ್ ಅಥವಾ ಕೊಟ್ಟಿಗೆ ಗೊಬ್ಬರ, ಅಷ್ಟು ಸಾಕು. ಹೊರಗಿನಿಂದ ಬಂದ ಮಣ್ಣು ಅಂದ ಮಾತ್ರಕ್ಕೆ ಚೊಕ್ಕವಾಗಿರಬೇಕು ಅಂತೇನಿಲ್ಲ. ಇನ್ನೊಂದು ಮನೆ ಕೆಡವಿದ ಜಾಗದಿಂದಲೇ ಬಂದಿರಬಹುದು. ಎಲ್ಲಿಂದ ತಂದದ್ದು ಅಂತ ಕೇಳಿ, ಅದನ್ನೂ ಪರೀಕ್ಷೆ ಮಾಡಿಸಿ. ಗೊಬ್ಬರದಲ್ಲಿ ಇನ್ನೊಂದು ಮೋಸ ಇದೆ. ಹುಲ್ಲುಗಾವಲಿಗೆ ಹೊಡೆಯುವ ಅಮಿನೋಪೈರಾಲಿಡ್‌ನಂಥ ಕಳೆನಾಶಕ ದನದ ಹೊಟ್ಟೆಯಲ್ಲೂ ಕರಗದೆ ಸಗಣಿಯಲ್ಲಿ ಬರುತ್ತದೆ, ಕಾಂಪೋಸ್ಟ್ ಆದರೂ ಉಳಿದಿರುತ್ತದೆ. ಕಂಡುಹಿಡಿಯುವುದು ಸುಲಭ. ಲೋಡು ಇಳಿಸುವ ಮುಂಚೆ ಒಂದು ಚೀಲ ತರಿಸಿ, ಮಣ್ಣಿಗೆ ಬೆರೆಸಿ ಮೂರು ಕುಂಡದಲ್ಲಿ ಬೀನ್ಸ್ ಬೀಜ ಹಾಕಿ. ಪಕ್ಕದಲ್ಲೇ ಆ ಗೊಬ್ಬರ ಹಾಕದ ಮೂರು ಕುಂಡ ಇರಲಿ. ಮೂರು ವಾರದಲ್ಲಿ ಮೊದಲ ಮೂರರಲ್ಲಿ ಮಾತ್ರ ಎಲೆ ಮುದುಡಿ, ತುದಿ ತಿರುಚಿಕೊಂಡರೆ ಆ ಲೋಡು ಬೇಡ ಅನ್ನಿ.

ನೀರಿನ ಲೆಕ್ಕ ಇನ್ನೂ ನೇರ. ಒಂದು ಚದರ ಮೀಟರಿಗೆ ಒಂದು ಮಿಲಿಮೀಟರ್ ನೀರು ಅಂದರೆ ಒಂದು ಲೀಟರ್. ಬಿರುಬೇಸಿಗೆಯಲ್ಲಿ ತರಕಾರಿಗೆ ದಿನಕ್ಕೆ ಐದು ಮಿಲಿಮೀಟರ್ ಬೇಕಾಗುತ್ತದೆ. ಎಂಟು ಮಡಿ ಅಂದರೆ ಸುಮಾರು 24 ಚದರ ಮೀಟರ್, ದಿನಕ್ಕೆ 120 ಲೀಟರ್. ಹತ್ತು ಲೀಟರಿನ ಹನ್ನೆರಡು ಕೊಡ, ಒಬ್ಬರು ಅರ್ಧ ಗಂಟೆಯಲ್ಲಿ ಮುಗಿಸಬಹುದು. ಪೂರ್ತಿ 800 ಚದರ ಅಡಿ ಬೆಳೆದರೆ ದಿನಕ್ಕೆ 370 ಲೀಟರ್. ಮೂವತ್ತೇಳು ಕೊಡ ಹೊರುವ ಉತ್ಸಾಹ ಒಂದು ವಾರ ಇರುತ್ತದೆ, ಆಮೇಲೆ ಇರುವುದಿಲ್ಲ. ಹಾಗಾಗಿ ಪೈಪು ತಲುಪುವ ನಲ್ಲಿ ಇಲ್ಲದೆ ತೋಟ ಶುರು ಮಾಡಬೇಡಿ. ಪಕ್ಕದ ಮನೆಯವರು ಕೊಡುತ್ತಾರೆ ಅಂತ ಬಾಯಿಮಾತಿನಲ್ಲಿ ಬಿಡಬೇಡಿ. ಮೀಟರ್ ಹಾಕಿ, ಬಿಲ್ಲು ಕಟ್ಟಿ. ನೆರೆಮನೆಯ ಸ್ನೇಹ ನೀರಿನ ಬಿಲ್ಲಿನಲ್ಲಿ ಕೆಟ್ಟಷ್ಟು ಬೇರೆ ಯಾವುದರಲ್ಲೂ ಕೆಡುವುದಿಲ್ಲ. ಪಕ್ಕದ ಚಾವಣಿಯಿಂದ ಮಳೆನೀರು ಹಿಡಿಯುವುದು ಒಳ್ಳೆಯದೇ, ಆದರೆ ಟ್ಯಾಂಕಿಗೆ ಸೊಳ್ಳೆ ಹೋಗದ ಬಲೆ ಇರಲಿ. ಹನಿ ಪೈಪು ಹಾಕಿ ಮೇಲೆ ಒಣಹುಲ್ಲೋ ತರಗೆಲೆಯೋ ಹೊದಿಸಿದರೆ ನೀರೂ ಉಳಿಯುತ್ತದೆ, ಮಣ್ಣು ಎಲೆಗೆ ಸಿಡಿಯುವುದೂ ತಪ್ಪುತ್ತದೆ.

ಉಳಿದದ್ದು ಜನ. ಎಲ್ಲ ಮಡಿಯೂ ಎಲ್ಲರದು ಅನ್ನುವ ಮಾತು ಸಭೆಯಲ್ಲಿ ಕೇಳಲು ಚಂದ. ನಡೆಯುವುದು ಹೇಗೆ ಅಂದರೆ, ನೀರು ಹಾಕುವವರು ಇಬ್ಬರು, ಕೊಯ್ಯುವವರು ಹನ್ನೆರಡು ಮನೆಯವರು. ಮಡಿಗೊಂದು ಹೆಸರು ಇರಲಿ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಎಂಟು ಮಡಿಯಲ್ಲಿ ಆರನ್ನು ಎರಡೆರಡು ಮನೆಗೆ ಒಂದರಂತೆ ಕೊಡಿ. ಒಬ್ಬರು ಊರಿಗೆ ಹೋದರೆ ಇನ್ನೊಬ್ಬರು ನೋಡಿಕೊಳ್ಳುತ್ತಾರೆ. ಎರಡು ಮಡಿ ಸಾಮಾನ್ಯ, ಅವುಗಳಲ್ಲಿ ಕರಿಬೇವು, ಪುದೀನದಂಥ ಸ್ವಲ್ಪ ಸ್ವಲ್ಪ ಕಿತ್ತುಕೊಳ್ಳುವ ಗಿಡ. ಪುದೀನ ಹಾಕುವುದಾದರೆ ಕುಂಡದ ಸಮೇತ ಹೂತಿಡಿ, ಇಲ್ಲದಿದ್ದರೆ ಮಡಿ ಪೂರ್ತಿ ಅದೇ ಆಗುತ್ತದೆ.

ನಿಯಮ ಒಂದು ಪುಟ ಮೀರಬಾರದು, ಆದರೆ ಬರೆದೇ ಇರಬೇಕು. ಮೂರು ವಾರ ಮುಟ್ಟದ ಮಡಿಗೆ ಒಂದು ನೆನಪಿನ ಚೀಟಿ, ಇನ್ನೆರಡು ವಾರಕ್ಕೂ ಬರದಿದ್ದರೆ ಕಾಯುತ್ತಿರುವ ಮುಂದಿನ ಮನೆಗೆ. ಇದನ್ನು ಗಿಡ ನೆಡುವ ಮುಂಚೆಯೇ, ಯಾರ ಮೇಲೂ ಸಿಟ್ಟಿಲ್ಲದ ಹೊತ್ತಿನಲ್ಲಿ ಒಪ್ಪಿಕೊಳ್ಳಿ. ಆಮೇಲೆ ಹೇಳಿದರೆ ಅದು ನಿಯಮ ಅನಿಸುವುದಿಲ್ಲ, ಜಗಳ ಅನಿಸುತ್ತದೆ. ಬೀಗದ ಕೈ ಯಾರ ಹತ್ತಿರ, ಯಾವ ವಿಷ ಹೊಡೆಯಬಾರದು, ದುಡ್ಡಿನ ಲೆಕ್ಕ ಯಾರು ಇಡುತ್ತಾರೆ, ಇವಿಷ್ಟು ಸಾಕು. ಲೆಕ್ಕ ಇಡುವವರು ಮತ್ತು ಬೀಗದ ಕೈ ಇಟ್ಟುಕೊಳ್ಳುವವರು ಒಬ್ಬರೇ ಆಗದಿರಲಿ. ಎಲ್ಲವನ್ನೂ ಒಬ್ಬರೇ ಹೊತ್ತುಕೊಳ್ಳುವ ತೋಟ ಅವರಿಗೆ ವರ್ಗವಾದ ದಿನ ಮುಗಿಯುತ್ತದೆ. ಸಾಮಾನ್ಯವಾಗಿ ಆ ಒಬ್ಬರು ಪ್ರಶ್ನೆ ಬರೆದವರೇ ಆಗಿರುತ್ತಾರೆ, ಅಲ್ವಾ?

ತಿಂಗಳಿಗೊಂದು ಕೆಲಸದ ದಿನ ಇಟ್ಟುಕೊಳ್ಳಿ, ದಿನಾಂಕ ಬದಲಾಯಿಸಬೇಡಿ. ಬಾರದವರನ್ನು ದೂರುವುದಕ್ಕಿಂತ ಬಂದವರಿಗೆ ಮುಗಿಯುವಂಥ ಕೆಲಸ ಕೊಡುವುದು ಮುಖ್ಯ. ಗುದ್ದಲಿ ಎರಡೇ ಇದ್ದು ಹತ್ತು ಜನ ಬಂದರೆ ಎಂಟು ಜನ ಸುಮ್ನೆ ನಿಂತು ಹೋಗುತ್ತಾರೆ, ಮುಂದಿನ ತಿಂಗಳು ಬರುವುದಿಲ್ಲ.

ಗೊಬ್ಬರದ ಗುಡ್ಡೆ ಬೀದಿಯವರ ಆಕ್ಷೇಪಣೆ ಬರುವ ಮೊದಲ ಜಾಗ. ಒಂದು ಬುಟ್ಟಿ ಹಸಿ ತ್ಯಾಜ್ಯಕ್ಕೆ ಎರಡು ಮೂರು ಬುಟ್ಟಿ ಒಣ ಎಲೆ ಹಾಕಿದರೆ ನಾತ ಬರುವುದಿಲ್ಲ. ಬೇಯಿಸಿದ ಅಡುಗೆ, ಮಾಂಸ, ಎಣ್ಣೆ ಹಾಕಲೇಬಾರದು. ತಳಕ್ಕೂ ಸುತ್ತಲೂ ಅರ್ಧ ಅಂಗುಲಕ್ಕಿಂತ ಸಣ್ಣ ಕಣ್ಣಿನ ತಂತಿ ಬಲೆ ಹಾಕಿದರೆ ಇಲಿ ಬರುವುದಿಲ್ಲ.

ಏನು ಬೆಳೆಯಬೇಕು ಅನ್ನುವುದನ್ನು ನಾನು ಹೇಳಬೇಕಾಗಿಲ್ಲ. ನಿಮ್ಮ ಹವೆಗೆ ಏನು ಬರುತ್ತದೆ ಅಂತ ಬೀದಿಯಲ್ಲೇ ಬಲ್ಲವರಿರುತ್ತಾರೆ. ಮೊದಲ ಬೆಳೆ ಬೇಗ ಬರುವಂಥದ್ದಿರಲಿ. ಮೂಲಂಗಿ, ಸೊಪ್ಪು ನಾಲ್ಕೈದು ವಾರದಲ್ಲಿ ಕೈಗೆ ಬರುತ್ತವೆ. ಹೊಸಬರು ಉಳಿಯುವುದು ಕೈಯಲ್ಲಿ ಏನಾದರೂ ಹಿಡಿದು ಮನೆಗೆ ಹೋದಾಗ.

ಕಳ್ಳತನದ ಬಗ್ಗೆ ನೀವು ಕೇಳಿಲ್ಲ, ಆದರೆ ಮೊದಲ ಕುಂಬಳಕಾಯಿ ಮಾಯವಾದ ದಿನ ಕೇಳುತ್ತೀರಿ. ಎತ್ತರದ ಗೋಡೆ ಕಟ್ಟಬೇಡಿ. ಒಳಗೆ ಏನು ನಡೆಯುತ್ತಿದೆ ಅಂತ ಹೊರಗಿನವರಿಗೆ ಕಾಣದಿದ್ದರೆ ಕಳ್ಳರಿಗೇ ಅನುಕೂಲ. ರಸ್ತೆ ಬದಿಯ ಬೇಲಿಗೆ ಯಾರು ಬೇಕಾದರೂ ಕಿತ್ತುಕೊಳ್ಳಬಹುದಾದ ಬಳ್ಳಿ ಹಬ್ಬಿಸಿ, ಹಾಗೆಂದು ಬೋರ್ಡು ಹಾಕಿ. ಆ ಬಳ್ಳಿಯ ಬುಡವೂ ರಸ್ತೆಯ ಮಣ್ಣಿನಲ್ಲಿ ಬೇಡ, ತೊಟ್ಟಿಯಲ್ಲಿರಲಿ. ಕಣ್ಣು ಕುಕ್ಕುವ ಕೆಂಪು ಟೊಮೆಟೊವನ್ನು ಒಳಗಿನ ಸಾಲಿಗೆ ಹಾಕಿ, ಬಣ್ಣ ತಿರುಗಿದ ಕೂಡಲೇ ಕೊಯ್ಯಿರಿ. ಮನೆಯಲ್ಲಿಟ್ಟರೂ ಹಣ್ಣಾಗುತ್ತದೆ.